ಮೂಲೆಗಂಬ ವಾಲುವುದೇಕೆ?

ದೇವನಹಳ್ಳಿ, ಆನೇಕಲ್ ಕಡೆ ಸೈಟುಗಳ ಸುತ್ತ ನೆಟ್ಟ ಕಲ್ಲುಕಂಬಗಳನ್ನು ಗಮನಿಸಿ. ಸಾಲಿನ ನಡುವಿನವು ನೆಟ್ಟಗಿರುತ್ತವೆ, ಮೂಲೆಯದು ಒಳಕ್ಕೆ ವಾಲಿರುತ್ತದೆ. ನಡುಗಂಬವನ್ನು ತಂತಿ ಎರಡೂ ಕಡೆಯಿಂದ ಎಳೆಯುವುದರಿಂದ ಲೆಕ್ಕ ಸರಿಹೋಗುತ್ತದೆ. ಮೂಲೆಗಂಬವನ್ನು ಎರಡೂ ಸಾಲುಗಳು ಒಳಕ್ಕೇ ಎಳೆಯುತ್ತವೆ.

ಎಳೆತ ಮಿತಿಮೀರಿದಾಗ ಕಂಬ ತಿರುಗುವುದು ನೆಲಮಟ್ಟದಲ್ಲಲ್ಲ, ಹೂತ ಭಾಗದ ಸುಮಾರು ಮುಕ್ಕಾಲು ಆಳದಲ್ಲಿ. ಅದರ ಮೇಲಿನ ಭಾಗ ತಂತಿಯ ಕಡೆಯ ಮಣ್ಣನ್ನು ಒತ್ತುತ್ತದೆ, ಬುಡ ಹಿಂದಕ್ಕೆ ಒದೆಯುತ್ತದೆ. ಚಕ್ಕೆಕಲ್ಲು ಬಿಗಿಯಬೇಕಾದದ್ದೂ ಹಾಗೆಯೇ: ತಳದಲ್ಲಿ ಎಳೆತದ ಎದುರು ಬದಿಗೆ, ಮೇಲೆ ಎಳೆತದ ಬದಿಗೆ. ಸುತ್ತಲೂ ಸುಮ್ಮನೆ ಕಲ್ಲು ಸುರಿದರೆ ಸಂದುಗಳು ಉಳಿದು, ಮೊದಲ ಜೋರು ಮಳೆಗೇ ಮಣ್ಣು ಅದರೊಳಗೆ ಇಳಿಯುತ್ತದೆ.

ಗುಂಡಿಯ ಅಗಲಕ್ಕಿಂತ ಆಳ ಮುಖ್ಯ. ಮರಳು ಮಿಶ್ರಿತ ಮಣ್ಣಿನಲ್ಲಿ, ನಾಲ್ಕಡಿ ಎತ್ತರದಲ್ಲಿ ಎಳೆತ ಬೀಳುವ ಕಂಬವನ್ನು ಒಂದೂವರೆ ಅಡಿಯ ಬದಲು ಎರಡಡಿ ಹೂತರೆ ತಡೆಯುವ ಶಕ್ತಿ ಇಮ್ಮಡಿಗೂ ಹೆಚ್ಚು. ಆರಡಿ ಕಂಬಕ್ಕೆ ಎರಡಡಿ ಸಾಕು. ಮೂಲೆಗೆ ಏಳಡಿಯ ಕಂಬ ತಂದು ಎರಡೂವರೆ ಅಡಿ ಇಳಿಸಿ, ಎರಡೂ ಸಾಲಿನ ಕಡೆಗೆ ಓರೆಯಾಗಿ ಸಪೋರ್ಟ್ ಕಂಬ ಕೊಡಿ. ಇಲ್ಲದಿದ್ದರೆ ಕಂಬ ವಾಲದಿದ್ದರೂ ನೆಲಮಟ್ಟದಲ್ಲಿ ಮುರಿದೀತು: ಹೊರೆ ಹೊರುವ ಗ್ರಾನೈಟ್ ಬಾಗುವಿಕೆಯನ್ನು ತಾಳದು.

ತೆಗೆದ ಮಣ್ಣನ್ನು ಒಂದೇ ಸಲ ತುಂಬಬೇಡಿ. ನಾಲ್ಕೈದು ಇಂಚು ಹಾಕಿ, ಹಾರೆಯ ಮೊಂಡು ತುದಿಯಿಂದ ಸುತ್ತಲೂ ಗುದ್ದಿ, ತೂಕದ ಗುಂಡು ಬಿಟ್ಟು ಕಂಬ ನೆಟ್ಟಗಿದೆಯೇ ನೋಡಿ, ಆಮೇಲೆ ಮುಂದಿನ ಪದರ. ಮಣ್ಣು ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಬೇಕು, ಕೈಗೆ ನೀರು ಹತ್ತಬಾರದು. ಒಣ ಕೆಮ್ಮಣ್ಣಿನ ಕಣಗಳು ಒಂದರೊಳಗೊಂದು ಜಾರಿ ಕೂರುವುದಿಲ್ಲ. ಕೆಸರಾದರೆ ಸಂದುಗಳಲ್ಲಿ ನಿಂತ ನೀರನ್ನು ಎಷ್ಟು ಗುದ್ದಿದರೂ ಕುಗ್ಗಿಸಲಾಗದು. ಗುಂಡಿಗೆ ಕೊಡ ನೀರು ಸುರಿದು 'ಸೆಟ್ ಆಗುತ್ತೆ ಬಿಡಿ' ಎನ್ನುವ ಮೇಸ್ತ್ರಿಯ ಮಾತು ಕೇಳಬೇಡಿ.

ಕೆರೆಯಂಚಿನ ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗಿ ಕಂಬದ ಸುತ್ತ ಬಾಯಿ ಬಿಡುತ್ತದೆ. ಅಲ್ಲಿ ಆಳ ಇನ್ನೂ ಅರ್ಧ ಅಡಿ ಹೆಚ್ಚಿರಲಿ. ಕಾಂಕ್ರೀಟ್ ಬೇಕಿರುವುದು ಮೂಲೆ, ಗೇಟುಗಳಿಗೆ ಮಾತ್ರ: ಸಿಮೆಂಟ್, ಎಂ ಸ್ಯಾಂಡ್, ಜಲ್ಲಿ 1:2:4. ಅಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿಗಳಾದರೆ ಒಂದು ಮೂಟೆ ಸಿಮೆಂಟಿಗೆ ಸುಮಾರು ಮೂರು. ಹಿಮ ಬೀಳುವ ದೇಶಗಳ ವಿಡಿಯೋ ನೋಡಿ ನಾಲ್ಕಡಿ ಅಗೆಯಬೇಕಿಲ್ಲ. ನೆಲ ಹೆಪ್ಪುಗಟ್ಟಿ ಕಂಬವನ್ನು ಎತ್ತುವ ಕಾಟ ಬೆಂಗಳೂರಿಗಿಲ್ಲ.

ಏಳು ದಿನ ಕ್ಯೂರಿಂಗ್ ಆದ ಮೇಲೆಯೇ ತಂತಿ ಬಿಗಿಸಿ. ಬಿಗಿಸುವ ಮುನ್ನ ಪ್ರತಿ ಕಂಬದ ತಲೆ ಹಿಡಿದು ಅಲ್ಲಾಡಿಸಿ, ಕಣ್ಣು ಬುಡದ ಮೇಲಿರಲಿ. ಕೂದಲೆಳೆಯಷ್ಟು ಸಂದು ತೆರೆದರೂ ಆಗಲೇ ಮತ್ತೆ ಗುದ್ದಿ. ತಂತಿ ಬಿಗಿದ ಮೇಲೆ ಅಗೆಯದೆ ಸರಿಪಡಿಸಲಾಗದು.