ಶಿರಸ್ತ್ರಾಣಕ್ಕೆ ಕುದುರೆ ಕೂದಲು: ಕೊಳ್ಳುವ ಮುಂಚೆ ಒಂದೆಳೆ ಎಳೆದು ನೋಡಿ

ಹಳೆಯ ಕಾಲದ ಕದನಗಳನ್ನು ಮೈದಾನದಲ್ಲಿ ಮತ್ತೆ ಕಟ್ಟಿ ತೋರಿಸುವ ಮರುಪ್ರದರ್ಶನದವರು ಉಕ್ಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಎಷ್ಟು ದಪ್ಪದ ತಗಡು, ಯಾವ ಶತಮಾನದ ನಮೂನೆ, ಕೈಯಲ್ಲಿ ಬಡಿದದ್ದೋ ಯಂತ್ರದಲ್ಲಿ ಒತ್ತಿದ್ದೋ ಎಂದು ಚರ್ಚೆ ನಡೆಯುತ್ತದೆ. ಅದೇ ಶಿರಸ್ತ್ರಾಣವನ್ನು ತಲೆಕೆಳಗು ಮಾಡಿ ಒಳಗೆ ಇಣುಕಿದರೆ ಎಷ್ಟೋ ಸಲ ಫೋಮಿನ ತುಂಡೊಂದು ಅಂಟಿಕೊಂಡಿರುತ್ತದೆ. ನನ್ನ ಕೆಲಸ ಆ ಒಳಭಾಗದ್ದು. ಉಕ್ಕಿಗೂ ತಲೆಬುರುಡೆಗೂ ನಡುವಿನ ಎರಡು ಬೆರಳಿನ ಜಾಗಕ್ಕೆ ಮೆತ್ತೆ ಹೊಲಿಯುವುದು.

ಈಚೆಗೆ ಬರುವವರಲ್ಲಿ ಹಲವರದು ಒಂದೇ ಪ್ರಶ್ನೆ: ಕುದುರೆ ಕೂದಲು ಎಲ್ಲಿ ಸಿಗುತ್ತದೆ? ನಾನು ಮೊದಲು ಕೇಳುವುದು, ನೇರ ಕೂದಲೋ, ಸುರುಳಿ ಕೂದಲೋ ಎಂದು. ಇವೆರಡಕ್ಕೂ ಹೆಸರು ಒಂದೇ ಆದರೂ ಗುಣ ಪೂರಾ ಬೇರೆ. ಬಾಲದಿಂದ ಕತ್ತರಿಸಿ ತಂದ ಕೂದಲು ನೆಟ್ಟಗೆ, ನುಣ್ಣಗೆ ಇರುತ್ತದೆ. ಪಿಟೀಲಿನ ಕಮಾನಿಗೆ, ನೇಯುವ ಬಟ್ಟೆಗೆ ಅದು ಬೇಕು. ಚೀಲಕ್ಕೆ ತುಂಬಿದರೆ ಎಳೆಗಳು ಒಂದರ ಮೇಲೊಂದು ಜಾರಿ ಮಲಗಿಬಿಡುತ್ತವೆ. ಮೆತ್ತೆಗೆ ಬೇಕಾದದ್ದು ಹುರಿ ಹೊಸೆದು, ಕುದಿಸಿ, ಒಣಗಿಸಿ, ಬಿಡಿಸಿ ಹಿಂಜಿದ ಕೂದಲು. ಅದರ ಪ್ರತಿ ಎಳೆಯೂ ಒಂದು ಸಣ್ಣ ಸ್ಪ್ರಿಂಗ್. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ, ಎಳೆಗಳ ನಡುವೆ ಗಾಳಿ ಆಡುತ್ತದೆ. ಹತ್ತಿಯ ಹಾಗೆ ಬೆವರು ಹೀರಿ ಮುದ್ದೆಯಾಗುವುದಿಲ್ಲ.

ಈ ವ್ಯತ್ಯಾಸ ನನಗೆ ತಿಳಿದದ್ದು ಕೆಲಸ ಶುರು ಮಾಡಿದ ಹೊಸತರಲ್ಲಿ. ಲಾಯದವರು ಬಾಲ ಕತ್ತರಿಸಿದಾಗ ಉಳಿದ ಕೂದಲನ್ನು ಪುಕ್ಕಟೆ ಕೊಟ್ಟರು. ಅದನ್ನು ತೊಳೆದು, ಒಣಗಿಸಿ, ಹಾಗೆಯೇ ತುಂಬಿ ಮರುಪ್ರದರ್ಶನದವನೊಬ್ಬನಿಗೆ ಮೆತ್ತೆ ಹೊಲಿದುಕೊಟ್ಟೆ. ಮೂರು ಪ್ರದರ್ಶನ ಮುಗಿಸಿ ಆತ ವಾಪಸ್ ತಂದಾಗ ನೆತ್ತಿಯ ಕಡೆ ಮೆತ್ತೆ ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಹಣೆಯ ಕಡೆ ಕತ್ತರಿಸಿದ ತುದಿಗಳು ಬಟ್ಟೆಯನ್ನು ತೂರಿ ಹೊರಗೆ ಬಂದಿದ್ದವು. ಆತನ ಹಣೆಯ ಮೇಲೆ ಸೂಜಿ ಚುಚ್ಚಿದಂತೆ ಕೆಂಪು ಚುಕ್ಕಿಗಳ ಸಾಲು. ಅವತ್ತಿನಿಂದ ಸುರುಳಿಯಿಲ್ಲದ ಕೂದಲನ್ನು ನಾನು ತುಂಬಿಲ್ಲ.

ಕೊಳ್ಳುವುದಾದರೆ ಮೊದಲು ಕೇಳಬೇಕಾದದ್ದು ಹಳೆಯ ಪದ್ಧತಿಯಲ್ಲಿ ಸೋಫಾ, ಕುರ್ಚಿ ದುರಸ್ತಿ ಮಾಡುವವರನ್ನು. ಅವರಿಗೆ ಸರಕು ಒದಗಿಸುವವರು ಸುರುಳಿ ಕೂದಲನ್ನು ತೂಕದ ಮೇಲೆ ಮಾರುತ್ತಾರೆ. ಅದರಲ್ಲಿ ಹಂದಿಯ ಕೂದಲೋ ದನದ ಬಾಲದ ಕೂದಲೋ ಬೆರೆತಿರುವುದು ಮಾಮೂಲು. ಬೆರಕೆ ಎಂದು ಹೇಳಿಯೇ ಮಾರಿದರೆ ಅದು ಮೋಸವಲ್ಲ, ಆದರೆ ಹಂದಿ ಕೂದಲು ಗಿಡ್ಡ, ಹೆಚ್ಚಾದಷ್ಟೂ ಪುಟಿತ ಕಡಿಮೆ. ಹಿಡಿಯಷ್ಟು ತೆಗೆದು ಒಂದೆಳೆ ಎಳೆದು ನೋಡಿ. ಉದ್ದಕ್ಕೆ ಬಂದು, ಬಿಟ್ಟ ಕೂಡಲೇ ಸುತ್ತಿಕೊಂಡರೆ ಒಳ್ಳೆಯದು. ಎರಡು ಬೆರಳಿನ ಅಗಲದ ತುಂಡುಗಳೇ ಕೈಗೆ ಬಂದರೆ ಬಿಟ್ಟುಬಿಡಿ.

ತೆಂಗಿನ ನಾರಿಗೆ ಬಣ್ಣ ಹಾಕಿದರೆ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಒಂದೆಳೆಯನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಕೂದಲಾದರೆ ಚುರುಗುಟ್ಟಿ, ಸುಟ್ಟ ಕೂದಲಿನ ವಾಸನೆ ಬರುತ್ತದೆ, ತುದಿಯ ಕಪ್ಪು ಗುಂಡು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ನಾರು ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪ್ಲಾಸ್ಟಿಕ್ ಎಳೆ ಕರಗಿ ಗಟ್ಟಿ ಮಣಿಯಾಗುತ್ತದೆ. ರಬ್ಬರ್ ಹಾಲಿನಲ್ಲಿ ಅಂಟಿಸಿದ ಕೂದಲಿನ ಹಾಳೆಗಳೂ ಸಿಗುತ್ತವೆ. ಅವು 20ನೇ ಶತಮಾನದ ಸರಕು, ಆ ಮುಂಚಿನ ಕಾಲದ ಶಿರಸ್ತ್ರಾಣಕ್ಕೆ ಸಲ್ಲವು.

ಹಳೆಯ ಕುರ್ಚಿ ಬಿಚ್ಚಿ ಕೂದಲು ತೆಗೆಯುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ನೆರಡಿ ರೋಗ, ಅಂದರೆ ಆಂಥ್ರಾಕ್ಸ್‌ನ ಬೀಜಕಣಗಳು ಪ್ರಾಣಿಗಳ ಕೂದಲಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರಬಲ್ಲವು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಸರಿಯಾಗಿ ಸೋಂಕು ಕಳೆಯದ ಕುದುರೆ ಕೂದಲಿನ ಶೇವಿಂಗ್ ಬ್ರಷ್‌ಗಳಿಂದ ಸೈನಿಕರಿಗೂ ನಾಗರಿಕರಿಗೂ ಈ ರೋಗ ತಗುಲಿ ಸಾವುಗಳಾಗಿದ್ದವು. ಈಗ ಹಾಗಾಗುವ ಸಂಭವ ತೀರಾ ಕಡಿಮೆ. ಆದರೂ ಎಲ್ಲಿಯದೆಂದು ಗೊತ್ತಿಲ್ಲದ ನೂರು ವರ್ಷದ ಕೂದಲನ್ನು, ಬೆವರುವ, ಗೀರು ಬಿದ್ದ ಚರ್ಮಕ್ಕೆ ಒತ್ತಿ ಕಟ್ಟಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸೋಪಿನಲ್ಲಿ ತೊಳೆದರೆ ಬೀಜಕಣ ಸಾಯುವುದಿಲ್ಲ. ಹೊಸ ಕೂದಲನ್ನೇ ಕೊಳ್ಳಿ.

ಆರೋಗ್ಯವಂತ ಕುದುರೆಯ ನೇರ ಕೂದಲು ಸಿಕ್ಕರೆ ಸುರುಳಿಯನ್ನು ಮನೆಯಲ್ಲೇ ಕೂರಿಸಬಹುದು. ಬಾಲದ ಕೂದಲೂ ಆಗುತ್ತದೆ, ಕತ್ತಿನ ಜೂಲೂ ಆಗುತ್ತದೆ, ಜೂಲು ಸ್ವಲ್ಪ ಮೆದು. ಪಿಟೀಲಿನ ಕಮಾನಿನಿಂದ ಬಿಚ್ಚಿದ ಕೂದಲು ಮಾತ್ರ ಬೇಡ, ರಾಳದ ಅಂಟು ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಜಿಡ್ಡು ಹೋಗುವ ತನಕ ತೊಳೆದು, ಬೆರಳು ಗಾತ್ರದ ಹುರಿಯಾಗಿ ಹೊಸೆಯಿರಿ. ಹುರಿ ಇನ್ನು ತಡೆಯಲಾರೆ ಎಂಬಂತೆ ತನ್ನ ಮೇಲೆ ತಾನೇ ಮುರಿಗೆ ಹಾಕಿಕೊಳ್ಳುವ ತನಕ ತಿರುವಬೇಕು. ಎರಡೂ ತುದಿ ಬಿಗಿದು ಎರಡು ಗಂಟೆ ಕುದಿಸಿ. ಕೂದಲಿನ ಕೆರಾಟಿನ್ ಬಿಸಿನೀರಿನಲ್ಲಿ ಸಡಿಲವಾಗಿ, ಒಣಗುವಾಗ ಇದ್ದ ಆಕಾರವನ್ನೇ ಹಿಡಿಯುತ್ತದೆ. ಆದ್ದರಿಂದ ಕುದಿಸುವುದಕ್ಕಿಂತ ಒಣಗಿಸುವುದು ಮುಖ್ಯ. ಹೊರಗೆ ಒಣಗಿದಂತೆ ಕಂಡರೂ ಹುರಿಯ ತಿರುಳು ಒದ್ದೆ ಇರುತ್ತದೆ. ನಾನು ಒಂದು ವಾರ ಮುಟ್ಟುವುದಿಲ್ಲ. ಆಮೇಲೆ ಬಿಚ್ಚಿ ಹತ್ತಿ ಹಿಂಜಿದ ಹಾಗೆ ಹಿಂಜಿದರೆ ಅಂಗೈಯಷ್ಟು ಹುರಿ ಬುಟ್ಟಿ ತುಂಬ ಆಗುತ್ತದೆ.

ಹಾಗೆಂದು ಎಲ್ಲ ಶಿರಸ್ತ್ರಾಣಕ್ಕೂ ಕುದುರೆ ಕೂದಲು ಹೊಂದುತ್ತದೆ ಎಂದಲ್ಲ. ಮಧ್ಯಯುಗದ ಯುರೋಪಿನಲ್ಲಿ ಅಗಸೆ, ಸೆಣಬಿನ ನಾರಿನ ಸಿಕ್ಕು, ಉಣ್ಣೆ, ಹತ್ತಿ ಎಲ್ಲವೂ ಮೆತ್ತೆಗೆ ಬಳಕೆಯಾಗುತ್ತಿದ್ದವು. ರೋಮನ್ ಕಾಲದ ಒಂದು ಪ್ರಸಂಗ ನನಗೆ ಬಲು ಇಷ್ಟ. ಕ್ರಿ.ಶ. 359ರಲ್ಲಿ ಅಮಿಡಾ ಕೋಟೆ ಬಿದ್ದಾಗ ತಪ್ಪಿಸಿಕೊಂಡ ಸೈನಿಕ, ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲ್ಲಿನಸ್ ದಾರಿಯಲ್ಲಿ ಆಳವಾದ ಬಾವಿ ಕಂಡದ್ದನ್ನು ಬರೆದಿದ್ದಾನೆ. ಹಗ್ಗವಿಲ್ಲ. ಉಟ್ಟ ಲಿನನ್ ಬಟ್ಟೆ ಸೀಳಿ ಹಗ್ಗ ಮಾಡಿ, ಅದರ ತುದಿಗೆ ಒಬ್ಬನು ಶಿರಸ್ತ್ರಾಣದ ಕೆಳಗೆ ತೊಟ್ಟಿದ್ದ ಟೊಪ್ಪಿಗೆಯನ್ನು ಕಟ್ಟಿ ಇಳಿಬಿಟ್ಟರು. ಅದು ಸ್ಪಂಜಿನಂತೆ ನೀರು ಹೀರಿತು, ಅವರ ಬಾಯಾರಿಕೆ ತೀರಿತು. ಅಷ್ಟು ನೀರು ಕುಡಿಯುವ ಟೊಪ್ಪಿಗೆಯಲ್ಲಿ ಕುದುರೆ ಕೂದಲು ತುಂಬಿತ್ತೆಂದು ನಾನು ಎಣಿಸಲಾರೆ. ರೋಮನ್ ಪಾತ್ರಧಾರಿ ಕೇಳಿದರೆ ನಾನು ಕೊಡುವುದು ಉಣ್ಣೆಯ ಫೆಲ್ಟ್ ಟೊಪ್ಪಿಗೆ. 16ನೇ ಶತಮಾನದ, ಮುಖವನ್ನೂ ಮುಚ್ಚುವ ಶಿರಸ್ತ್ರಾಣ ಬಂದರೆ ಮಾತ್ರ ಕೈ ತಾನಾಗಿ ಕೂದಲಿನ ಚೀಲದ ಕಡೆ ಹೋಗುತ್ತದೆ.

ಹೊಲಿಗೆಗೆ ಬರೋಣ. ಅಂಚಿನ ಸುತ್ತ ರಿವೆಟ್ ಹೊಡೆದ ತೊಗಲಿನ ಪಟ್ಟಿಗೆ ಮೆತ್ತೆಯನ್ನು ಹೊಲಿಯುತ್ತೇನೆ, ಉಕ್ಕಿಗೆ ಅಂಟಿಸುವುದಿಲ್ಲ. ಮೆತ್ತೆ ಆರೋ ಎಂಟೋ ಎಸಳು, ನೆತ್ತಿಯಲ್ಲಿ ಒಂದು ದಾರದಿಂದ ಕೂಡಿರುತ್ತವೆ. ದಾರ ಬಿಗಿದರೆ ಶಿರಸ್ತ್ರಾಣ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಕಣ್ಣಿನ ಸೀಳು ಕಣ್ಣಿಗೆ ಸರಿಯಾಗಿ ಬರುವುದು ಈ ದಾರದಿಂದಲೇ. ಒಂದು ಮೆತ್ತೆಗೆ ನನಗೆ ಸುಮಾರು 150 ಗ್ರಾಂ ಕೂದಲು ಹಿಡಿಸುತ್ತದೆ. ಚರ್ಮದ ಕಡೆಗೆ ಒತ್ತಾಗಿ ನೇಯ್ದ ಲಿನನ್, ಅದರ ಒಳಗೆ ತೆಳುವಾದ ಉಣ್ಣೆಯ ಪದರ, ಆಮೇಲೆ ಕೂದಲು. ಉಣ್ಣೆಯ ಪದರ ಬಿಟ್ಟರೆ ಚುಚ್ಚುವ ಕಾಟ ತಪ್ಪದು. ಕೌದಿ ಹೊಲಿದ ಹಾಗೆ ಗೀರುಗೀರಾಗಿ ಹೊಲಿದು, ಒಂದೊಂದು ಕೊಳವೆಗೂ ಕೋಲಿನಿಂದ ಚಿಟಿಕೆ ಚಿಟಿಕೆ ಕೂದಲು ತುಂಬುತ್ತೇನೆ. ಒಮ್ಮೆಲೇ ಹಿಡಿ ತುರುಕಿದರೆ ಗಂಟು ಕಟ್ಟುತ್ತದೆ, ಅದೇ ಗಂಟು ಪೆಟ್ಟು ಬಿದ್ದಾಗ ಕಲ್ಲಿನ ಹಾಗೆ ತಲೆಗೆ ಒತ್ತುತ್ತದೆ.

ತುಂಬಿದ ಮೇಲೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಹಿಂದಿನ ಉಕ್ಕು ಬೆರಳಿಗೆ ತಾಗಿದರೆ ಇನ್ನಷ್ಟು ಬೇಕು. ಬಲ ಬಿಟ್ಟು ಹೊಡೆಯುವ ಪಂದ್ಯಗಳಿಗೆ ಇಳಿಯುವವರಿಗೆ ನಾನು ಬರಿಯ ಕೂದಲಿನ ಮೆತ್ತೆ ಹೊಲಿದುಕೊಡುವುದಿಲ್ಲ. ಕಾಣದ ಜಾಗದಲ್ಲಿ ಗಟ್ಟಿ ಫೋಮ್ ಪದರ ಹಾಕಿಸಿಕೊಳ್ಳಿ ಎನ್ನುತ್ತೇನೆ, ಒಪ್ಪದಿದ್ದರೆ ಕೆಲಸ ಹಿಡಿಯುವುದಿಲ್ಲ. ಮಿದುಳಿನ ಮುಂದೆ ಚರಿತ್ರೆಯ ನಿಖರತೆ ಚಿಕ್ಕದು.

ಪ್ರದರ್ಶನ ಮುಗಿದ ಮೇಲೆ ಶಿರಸ್ತ್ರಾಣವನ್ನು ಬೋರಲಿಟ್ಟು ಪೆಟ್ಟಿಗೆ ಮುಚ್ಚಬೇಡಿ. ಗಾಳಿಗೆ ಬಾಯ್ತೆರೆದಿಡಿ, ಬೆವರಿನ ಮೆತ್ತೆ ತಾಗಿದಲ್ಲೇ ಉಕ್ಕಿಗೆ ತುಕ್ಕು ಹಿಡಿಯುವುದು. ಬಟ್ಟೆ ತಿನ್ನುವ ನುಸಿಗೆ ಉಣ್ಣೆಯೂ ಆಹಾರ, ಕೂದಲೂ ಆಹಾರ. ಹೊಲಿಗೆಯ ಸಾಲಿನಲ್ಲಿ ಮರಳಿನಂಥ ಹಿಕ್ಕೆ ಕಂಡರೆ ಪಟ್ಟಿಯ ಹೊಲಿಗೆ ಬಿಚ್ಚಿ ಮೆತ್ತೆಯನ್ನು ಮಾತ್ರ ತೆಗೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ, ಇಲ್ಲವಾದರೆ ತಣ್ಣಗಿನ ಕೂದಲಿನ ಮೇಲೆ ನೀರು ಕೂತು ಮೆತ್ತೆ ಮತ್ತೆ ಒದ್ದೆಯಾಗುತ್ತದೆ.