ಟವೆಲ್ ತೆಗೆದ ಮೇಲೆ ಗುಟ್ಟು ಎಲ್ಲಿ ಉಳಿಯುತ್ತದೆ?

"ಎದುರಾಳಿ ಕೋಚ್‌ನ ಮನಸ್ಸನ್ನೇ ಓದಿಬಿಟ್ಟರು" ಎಂದು ಕ್ರೀಡಾ ವರದಿಗಳಲ್ಲಿ ಬರೆಯುತ್ತಾರಲ್ಲ, ಆ ಮಾತು ಕಂಡಾಗಲೆಲ್ಲ ನನಗೆ ಸುಮ್ಮನಿರಲಾಗುವುದಿಲ್ಲ. ಮನಸ್ಸನ್ನು ಯಾರೂ ಓದುವುದಿಲ್ಲ. ಓದುವುದು ಕೈಯನ್ನು. ಅದಕ್ಕೆ ಆರನೆಯ ಇಂದ್ರಿಯ ಬೇಕಿಲ್ಲ; ಒಂದು ಫೋನ್ ಕ್ಯಾಮೆರಾ, ಒಂದು ನೋಟ್‌ಬುಕ್ ಮತ್ತು ತಾಳ್ಮೆ ಇದ್ದರೆ ಸಾಕು. 2023ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಎದುರಾಳಿಗಳ ಕೈಸನ್ನೆಗಳನ್ನು ಕದ್ದ ಹಗರಣ ಬಯಲಿಗೆ ಬಂದಾಗ ಎಲ್ಲರೂ ಮೋಸದ ಬಗ್ಗೆಯೇ ಮಾತಾಡಿದರು. ಆ ಮೋಸದೊಳಗಿದ್ದ ಸೊಗಸಾದ ವಿಜ್ಞಾನವನ್ನು ಹೇಳಿದವರು ಕಡಿಮೆ.

ಇದು ನಮ್ಮ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡಿನ ಅಮೆರಿಕನ್ ಫುಟ್‌ಬಾಲ್. ಪ್ರತಿ ಸಲ ಚೆಂಡು ಹೊರಡುವ ಮೊದಲು ಮುಂದಿನ ಆಟ ಯಾವುದೆಂದು ಕೋಚ್ ನಿರ್ಧರಿಸುತ್ತಾರೆ. ಆ ನಿರ್ಧಾರ ಕೆಲವೇ ಸೆಕೆಂಡುಗಳಲ್ಲಿ ಅಂಕಣದೊಳಗಿನ ಹನ್ನೊಂದು ಆಟಗಾರರಿಗೆ ಮುಟ್ಟಬೇಕು. ವೃತ್ತಿಪರ ಲೀಗ್‌ನಲ್ಲಿ 1994ರಿಂದಲೇ ಕ್ವಾರ್ಟರ್‌ಬ್ಯಾಕ್‌ನ, ಅಂದರೆ ಅಂಕಣದೊಳಗೆ ಆಟ ನಡೆಸುವವನ, ಹೆಲ್ಮೆಟ್ಟಿನೊಳಗೆ ರೇಡಿಯೊ ಇದೆ. ಕಾಲೇಜು ತಂಡಗಳಿಗೆ 2023ರವರೆಗೂ ಅದು ಇರಲಿಲ್ಲ. ಹಾಗಾಗಿ ಅಂಕಣದಂಚಿನಲ್ಲಿ ನಿಂತವರು ಕೈ ಬೀಸುತ್ತಿದ್ದರು, ಮೊಣಕೈ ಮುಟ್ಟಿಕೊಳ್ಳುತ್ತಿದ್ದರು, ದೊಡ್ಡ ಚಿತ್ರಫಲಕಗಳನ್ನು ಎತ್ತಿ ಹಿಡಿಯುತ್ತಿದ್ದರು. ಅದೂ ಸಾವಿರಾರು ಕಣ್ಣುಗಳ ಎದುರಿಗೆ!

ಗುಟ್ಟು ಕಾಯಲು ಜಗತ್ತಿನಲ್ಲಿ ಎರಡೇ ದಾರಿ. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯನ್ನು ನೆನಪಿಸಿಕೊಳ್ಳಿ. ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಕುದುರಿಸುತ್ತಾರೆ. ಬೆರಳಿನ ಲೆಕ್ಕ ಸುತ್ತ ನಿಂತವರಿಗೆಲ್ಲ ಗೊತ್ತು. ಗುಟ್ಟನ್ನು ಕಾಯುವುದು ಟವೆಲ್. ಇದು ಮೊದಲನೆಯ ದಾರಿ: ಮಾತು ಸಾಗುವ ಹಾದಿಯನ್ನೇ ಮುಚ್ಚುವುದು. ಎರಡನೆಯದು, ಹಾದಿಯನ್ನು ತೆರೆದಿಟ್ಟು ಮಾತಿನ ಅರ್ಥವನ್ನು ಮುಚ್ಚುವುದು.

ಫುಟ್‌ಬಾಲಿನ ಟವೆಲ್ ಹುಟ್ಟಿದ್ದು 1890ರ ದಶಕದಲ್ಲಿ, ವಾಷಿಂಗ್ಟನ್ ನಗರದಲ್ಲಿರುವ ಕಿವುಡರ ಕಾಲೇಜು ಗ್ಯಾಲುಡೆಟ್‌ನಲ್ಲಿ ಎನ್ನುತ್ತಾರೆ. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಪಾಲ್ ಹಬರ್ಡ್‌ಗೆ ಒಂದು ಕಷ್ಟವಿತ್ತು. ಎದುರಾಳಿಗಳೂ ಕಿವುಡರಾಗಿದ್ದ ದಿನ ಅವನ ಕೈಸನ್ನೆ ಅವರಿಗೂ ಅರ್ಥವಾಗುತ್ತಿತ್ತು. ಅವನು ಗೆಳೆಯರನ್ನು ತನ್ನ ಸುತ್ತ ಒತ್ತಾಗಿ ನಿಲ್ಲಿಸಿಕೊಂಡು ಆ ವೃತ್ತದೊಳಗೆ ಸನ್ನೆ ಮಾಡಿದ. ಮುಂದೆ ಎಲ್ಲೆಡೆ ಹರಡಿದ 'ಹಡಲ್' ಅದೇ. ಆಮೇಲೆ ವೇಗದ ಆಟ ಬಂತು. ವೃತ್ತ ಕಟ್ಟಲು ಪುರಸೊತ್ತಿಲ್ಲದಂತಾಗಿ ಸನ್ನೆ ಬಯಲಿಗೆ ಬಂತು. ಟವೆಲ್ ಹೋಯಿತು, ಉಳಿದದ್ದು ಸಂಕೇತ ಮಾತ್ರ.

ಸಂಕೇತ ಮುರಿಯುವುದು ಹೇಗೆಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗೋಣ. ಸಾಂಚಿಯ ಸ್ತೂಪದ ಕಂಬಗಳ ಮೇಲೆ ಬ್ರಾಹ್ಮಿ ಲಿಪಿಯ ಪುಟ್ಟ ಪುಟ್ಟ ಬರಹಗಳಿವೆ. ಬಹುತೇಕ ಎಲ್ಲವೂ ಅವೇ ಎರಡು ಅಕ್ಷರಗಳಿಂದ ಕೊನೆಗೊಳ್ಳುವುದನ್ನು ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಗಮನಿಸಿದರು. ಭಕ್ತರು ಕಂಬ ಕೊಟ್ಟಿದ್ದಾರೆ, ಹಾಗಾದರೆ ಕೊನೆಯ ಪದ 'ದಾನಂ' ಆಗಿರಬೇಕು ಎಂದು ಊಹಿಸಿದರು. ಆ ಒಂದು ಪದ 1837ರಲ್ಲಿ ಇಡೀ ಲಿಪಿಯ ಬಾಗಿಲು ತೆರೆಯಿತು. ರೊಸೆಟ್ಟಾ ಶಿಲೆಯ ಕಥೆಯೂ ಇದೇ: ಗೊತ್ತಿಲ್ಲದ ಬರಹದ ಪಕ್ಕದಲ್ಲೇ ಗೊತ್ತಿರುವ ಅರ್ಥ. ಸಿಂಧೂ ಲಿಪಿ ಇನ್ನೂ ಬಾಯಿ ಬಿಡದಿರುವುದಕ್ಕೆ ಒಂದು ದೊಡ್ಡ ಕಾರಣ ಅಂಥ ಜೋಡಿ ಸಿಗದಿರುವುದು. ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್ ಎಂಬ ಗೂಢಲಿಪಿ ಬಿಡಿಸುವ ಕೇಂದ್ರದ ಬ್ರಿಟಿಷರು ಜೋಡಿ ಸಿಗಲೆಂದು ಕಾಯಲೂ ಇಲ್ಲ. ತಮಗೆ ಗೊತ್ತಿರುವ ಜಾಗದಲ್ಲಿ ಸಮುದ್ರಕ್ಕೆ ಸಿಡಿಗುಂಡು (ಮೈನ್) ಹಾಕಿಸುತ್ತಿದ್ದರು. ಜರ್ಮನ್ನರು ಆ ಜಾಗದ ಹೆಸರನ್ನು ಎನಿಗ್ಮಾ ಎಂಬ ಗೂಢಲಿಪಿ ಯಂತ್ರದಲ್ಲಿ ಸುತ್ತಿ ಕಳಿಸಿದಾಗ ಇವರಿಗೆ ಅರ್ಥ ಮೊದಲೇ ಗೊತ್ತು! ಈ ಕೆಲಸಕ್ಕೆ ಅವರು ಇಟ್ಟಿದ್ದ ಹೆಸರು 'ತೋಟಗಾರಿಕೆ'. ನನಗೆ ತುಂಬ ಇಷ್ಟವಾದ ಹೆಸರದು.

ಈಗ ಅಂಕಣಕ್ಕೆ ಮರಳಿ ಬನ್ನಿ. ಫುಟ್‌ಬಾಲಿನಲ್ಲಿ ಪ್ರತಿ ಸನ್ನೆಯ ಅರ್ಥವೂ ಅರೆನಿಮಿಷದೊಳಗೆ ತಾನಾಗಿಯೇ ಬಯಲಾಗುತ್ತದೆ. ಕೈ ತಲೆಯ ಮೇಲೆ ಹೋಯಿತು, ಚೆಂಡನ್ನು ಹಿಡಿದು ಓಡಿದರು. ಕೈ ಸೊಂಟಕ್ಕೆ ಹೋಯಿತು, ಚೆಂಡನ್ನು ದೂರ ಎಸೆದರು. ಒಂದು ತಂಡ ಒಂದು ಪಂದ್ಯದಲ್ಲಿ ಸುಮಾರು ಎಪ್ಪತ್ತು ಆಟ ಆಡುತ್ತದೆ, ಎಂದರೆ ಎಪ್ಪತ್ತು ಪುಟ್ಟ ರೊಸೆಟ್ಟಾ ಶಿಲೆಗಳು. ಆದರೆ ಅರ್ಥದ ಭಾಗ, ಅಂದರೆ ಆಟದ ವಿಡಿಯೊ, ಎಲ್ಲ ತಂಡಗಳಿಗೂ ನ್ಯಾಯವಾಗಿಯೇ ಸಿಗುತ್ತದೆ. ಸಿಗದಿರುವುದು ಅಂಚಿನಲ್ಲಿ ನಿಂತವರ ಕೈ. ಅದನ್ನು ತರಲು ಯಾರಾದರೂ ಟಿಕೆಟ್ ಕೊಂಡು ಹೋಗಿ ಎದುರು ಕೂತು ಚಿತ್ರೀಕರಿಸಬೇಕು. ಮುಂದಿನ ಎದುರಾಳಿಯ ಪಂದ್ಯಕ್ಕೆ ಹಾಗೆ ಖುದ್ದಾಗಿ ಹೋಗುವುದನ್ನು ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ 1994ರಿಂದ ನಿಷೇಧಿಸಿದೆ. ಆಡುವಾಗ ಬರಿಗಣ್ಣಿನಲ್ಲಿ ನೋಡಿ ಸನ್ನೆ ಬಿಡಿಸುವುದು ತಪ್ಪಲ್ಲ. ಈ ಗೆರೆ ವಿಚಿತ್ರ ಎಂದು ಹಲವರು ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶಿಲೆಯ ಎರಡು ತುಂಡುಗಳು ಜೋಡಿಯಾಗುವ ಜಾಗಕ್ಕೆ ಸರಿಯಾಗಿ ಎಳೆದ ಗೆರೆ ಅದು.

ಮಿಶಿಗನ್‌ನ ಕಿರಿಯ ಸಿಬ್ಬಂದಿಯೊಬ್ಬರು ಆ ತುಂಡುಗಳನ್ನೇ ಜೋಡಿಸಿದ್ದು. ಬೇರೆಬೇರೆಯವರಿಗೆ ಟಿಕೆಟ್ ಕೊಡಿಸಿ ಚಿತ್ರೀಕರಿಸಿದ್ದು 2021ರಿಂದ 2023ರವರೆಗೆ ಕನಿಷ್ಠ 52 ಪಂದ್ಯ, 13 ಎದುರಾಳಿಗಳು ಎಂದು ಎನ್‌ಸಿಎಎ 2025ರಲ್ಲಿ ತೀರ್ಪು ಕೊಟ್ಟಿತು. ಹಗರಣದ ನಡುವೆ ಮುಖ್ಯ ಕೋಚ್ ಜಿಮ್ ಹಾರ್ಬಾ ಋತುವಿನ ಕೊನೆಯ ಮೂರು ಲೀಗ್ ಪಂದ್ಯಗಳಿಂದ ಅಮಾನತಾದರು. ಆದರೂ ತಂಡ ಒಂದೂ ಪಂದ್ಯ ಸೋಲದೆ, 2024ರ ಜನವರಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.

"ಸುಳ್ಳು ಸನ್ನೆ ಮಾಡುವವರನ್ನು ಪಕ್ಕದಲ್ಲಿ ನಿಲ್ಲಿಸಿದರಾಯಿತಲ್ಲ?" ಎಂದು ಕೇಳುವವರಿದ್ದಾರೆ. ನಿಲ್ಲಿಸುತ್ತಾರೆ. ಮೂವರು ಕೈ ಬೀಸುತ್ತಾರೆ, ಒಬ್ಬನದು ಮಾತ್ರ ನಿಜ. ಇದರ ಮೇಲೆ ಜನ ಇಟ್ಟಿರುವ ನಂಬಿಕೆ ಮಾತ್ರ ಮಂತ್ರದ ತಾಯಿತದ ಮೇಲಿನ ನಂಬಿಕೆಯಂಥದ್ದು. ಲೆಕ್ಕ ಹಾಕಿ ನೋಡಿ. ಓಟವೋ ಎಸೆತವೋ ಎಂಬುದನ್ನಷ್ಟೇ ತೆಗೆದುಕೊಂಡರೆ, ಸುಳ್ಳುಗಾರನ ಸನ್ನೆ ಆಟಕ್ಕೆ ತಾಳೆಯಾಗುವ ಸಂಭವ ಅರ್ಧಕ್ಕರ್ಧ. ಎರಡು ಸಲ ಸತತವಾಗಿ ತಾಳೆಯಾಗುವುದು ಕಾಲು ಭಾಗ. ಹತ್ತು ಸಲ ಸತತವಾದರೆ 1,024ರಲ್ಲಿ ಒಂದು. ಹತ್ತು ಆಟ ನೋಡುವಷ್ಟರಲ್ಲಿ ನಿಜದವನು ಎದ್ದು ಕಾಣುತ್ತಾನೆ. ಮೂರು ಗಡಿಯಾರಗಳಲ್ಲಿ ಸರಿಯಾದದ್ದು ಯಾವುದೆಂದು ತಿಳಿಯಲು ಗಡಿಯಾರ ಬಿಚ್ಚಬೇಕಿಲ್ಲ, ದಿನಾ ಒಂಬತ್ತಕ್ಕೆ ಬರುವ ರೈಲಿನ ಸಿಳ್ಳೆ ಕೇಳಿದರೆ ಸಾಕು. ಪ್ರತಿ ಆಟವೂ ಅಂಥದೊಂದು ಸಿಳ್ಳೆ.

ಬೇಕಾದದ್ದು ಹೆಚ್ಚು ಕೈಗಳಲ್ಲ, ಬದಲಾಗುವ ಕೀಲಿ. ಡಚ್ ಮೂಲದ ಗೂಢಲಿಪಿ ತಜ್ಞ ಕೆರ್ಕಾಫ್ಸ್ 1883ರಲ್ಲೇ ಇದನ್ನು ಹೇಳಿದ್ದರು: ಯಂತ್ರ ಶತ್ರುವಿನ ಕೈ ಸೇರಿದರೂ ಕೀಲಿ ಸೇರದಿದ್ದರೆ ಗುಟ್ಟು ಉಳಿಯಬೇಕು. ಇಂದಿನ ಯುಪಿಐ ಪಾವತಿಯ ಗೂಢಲಿಪಿಯೂ ಇದೇ ತತ್ತ್ವದ ಮೇಲೆ ನಿಂತಿದೆ. ಪ್ರತಿ ಪಂದ್ಯಕ್ಕೂ ಸನ್ನೆಗಳ ಅರ್ಥ ಬದಲಿಸಿದರೆ ಹಳೆಯ ವಿಡಿಯೊ ಕಸ. ಆದರೆ ಆ ಕೀಲಿಯನ್ನು ಹತ್ತೊಂಬತ್ತರ ಹುಡುಗರು, ಗದ್ದಲದ ನಡುವೆ, ಏದುಸಿರು ಬಿಡುತ್ತ ನೆನಪಿಟ್ಟುಕೊಳ್ಳಬೇಕಲ್ಲ! ಕಷ್ಟ ಇರುವುದು ಅಲ್ಲಿ.

ಇನ್ನು ಮನೆಯವರೇ ಕೀಲಿ ಕೊಟ್ಟರೆ ಯಾವ ಗಣಿತವೂ ಕಾಯದು. ವೇಕ್ ಫಾರೆಸ್ಟ್ ತಂಡದ ಮಾಜಿ ಆಟಗಾರ, ಮಾಜಿ ಸಹಾಯಕ ಕೋಚ್, ಆಮೇಲೆ ಅದೇ ತಂಡದ ರೇಡಿಯೊ ವೀಕ್ಷಕ ವಿವರಣೆಗಾರರಾದವರೊಬ್ಬರು 2014ರಿಂದ ಎದುರಾಳಿಗಳಿಗೆ ಆಟದ ಯೋಜನೆಗಳನ್ನು ದಾಟಿಸುತ್ತಿದ್ದರು. 2016ರ ನವೆಂಬರಿನಲ್ಲಿ ಲೂಯಿವಿಲ್ ಕ್ರೀಡಾಂಗಣದಲ್ಲಿ ವೇಕ್ ಫಾರೆಸ್ಟ್‌ನವರಿಗೆ ತಮ್ಮದೇ ಯೋಜನೆಯ ಕಾಗದಗಳು ಸಿಕ್ಕಾಗ ಅನುಮಾನ ಹುಟ್ಟಿತು. ಯೋಜನೆ ಪಡೆದಿದ್ದ ಎದುರಾಳಿಗಳಾದ ಲೂಯಿವಿಲ್, ವರ್ಜೀನಿಯಾ ಟೆಕ್ ಎರಡಕ್ಕೂ ತಲಾ 25,000 ಡಾಲರ್ ದಂಡ ಬಿತ್ತು. ಇಷ್ಟು ದ್ರೋಹವಾದರೂ ಆ ಪಂದ್ಯದಲ್ಲಿ ಮುಕ್ಕಾಲು ಭಾಗ ಮುಗಿಯುವವರೆಗೆ ಮುಂದಿದ್ದದ್ದು ವೇಕ್ ಫಾರೆಸ್ಟ್, 12–10. ಕೊನೆಗೆ ಸೋತದ್ದು 44–12. ಬರುವ ಚೆಂಡು ಯಾರ್ಕರ್ ಎಂದು ಗೊತ್ತಿದ್ದ ಮಾತ್ರಕ್ಕೆ ಬುಮ್ರಾಗೆ ಸಿಕ್ಸರ್ ಹೊಡೆಯಲಾಗದು. ಮಾಹಿತಿ ಕಾಲಿಗೆ ಬಲ ಕೊಡುವುದಿಲ್ಲ, ಅರ್ಧ ಹೆಜ್ಜೆ ಮುಂಚೆ ಹೊರಡಲು ಬಿಡುತ್ತದೆ ಅಷ್ಟೆ.

2024ರಿಂದ ಅಗ್ರ ಶ್ರೇಣಿಯ ಕಾಲೇಜು ತಂಡಗಳಿಗೂ ಹೆಲ್ಮೆಟ್ ರೇಡಿಯೊ ಬಂದಿದೆ. ಅಂಕಣದಲ್ಲಿರುವ ಒಬ್ಬ ಆಟಗಾರನಿಗೆ ಮಾತ್ರ ಕೇಳಿಸುತ್ತದೆ, ಚೆಂಡು ಹೊರಡಿಸಲು ಕೊಟ್ಟ ಗಡುವಿನಲ್ಲಿ 15 ಸೆಕೆಂಡು ಉಳಿದಾಗ ತಾನಾಗಿ ಕಡಿದುಹೋಗುತ್ತದೆ. ಟವೆಲ್ ಮರಳಿದೆ. ಆದರೆ ರೇಡಿಯೊ ಕೇಳಿಸದ ಗ್ಯಾಲುಡೆಟ್‌ನ ಹುಡುಗರಿಗೆ? 2023ರ ಅಕ್ಟೋಬರಿನ ಒಂದು ಪಂದ್ಯದಲ್ಲಿ ಅವರ ಕ್ವಾರ್ಟರ್‌ಬ್ಯಾಕ್ ಹೊಸ ಹೆಲ್ಮೆಟ್ ತೊಟ್ಟು ಬಂದ. ಕೋಚ್ ಟ್ಯಾಬ್ಲೆಟ್ಟಿನಲ್ಲಿ ಆಟ ಆರಿಸಿದರೆ, ಹೆಲ್ಮೆಟ್ಟಿನೊಳಗೆ, ಕಣ್ಣಿನ ಮುಂದಿನ ಪುಟ್ಟ ಗಾಜಿನ ಮೇಲೆ ಅದು ಬೆಳಕಾಗಿ ಮೂಡುತ್ತಿತ್ತು. ಅವನೊಬ್ಬನಿಗೆ ಮಾತ್ರ.