ಪದ ಪರಿಚಯ: ಮೆಲೋಡ್ರಾಮಾ

ಕಣ್ಣೀರು ತುಸು ಹೆಚ್ಚಾಗಿ ಹರಿಯುವ ಚಿತ್ರವನ್ನು ಜರೆಯಲು ಇಂದು ‘ಮೆಲೋಡ್ರಾಮಾ’ ಎಂಬ ಒಂದೇ ಪದ ಸಾಕಾಗುತ್ತದೆ. ಮೂಲದಲ್ಲಿ ಅದು ಬೈಗುಳವಲ್ಲ, ಒಂದು ರಂಗಪ್ರಕಾರದ ಹೆಸರು. ಹಾಡು ಎಂಬ ಅರ್ಥದ ‘ಮೆಲೋಸ್’ ಎಂಬ ಗ್ರೀಕ್ ಶಬ್ದಕ್ಕೆ ‘ಡ್ರಾಮಾ’ ಸೇರಿ ಹುಟ್ಟಿದ ಈ ಪದವು 18ನೆಯ ಶತಮಾನದ ಫ್ರಾನ್ಸಿನಲ್ಲಿ ಮಾತಿನ ನಡುನಡುವೆ ವಾದ್ಯಸಂಗೀತ ಕೇಳಿಬರುತ್ತಿದ್ದ ನಾಟಕಗಳಿಗೆ ಸಲ್ಲುತ್ತಿತ್ತು. ಪಾತ್ರವು ಬಾಯಿಬಿಟ್ಟು ಹೇಳಲಾರದ್ದನ್ನು ಸಂಗೀತ ಹೇಳುವ ಆ ಏರ್ಪಾಡನ್ನು ಹಾಲಿವುಡ್ ಮುಂದುವರಿಸಿತು. ಅಲ್ಲಿ ಬಣ್ಣ, ಬೆಳಕು, ಉಡುಪು, ಮನೆಯ ಪೀಠೋಪಕರಣಗಳೂ ಆ ಕೆಲಸಕ್ಕೆ ಒದಗಿದವು.

ಹೀಗಿರುವಾಗ ಅತಿರೇಕವನ್ನೇ ದೋಷವೆನ್ನುವುದು ಸರಿಯಲ್ಲ. ಯಕ್ಷಗಾನದ ಬಣ್ಣದ ವೇಷ ಅಬ್ಬರಿಸದೆ ಪಿಸುಗುಡಲಿ ಎಂದು ಯಾರೂ ಕೇಳುವುದಿಲ್ಲ. ಭಾವಕ್ಕೆ ತಕ್ಕ ಕಾರಣ, ಅಂದರೆ ನಮ್ಮ ಕಾವ್ಯಮೀಮಾಂಸಕರು ‘ವಿಭಾವ’ ಎಂದು ಕರೆದದ್ದು, ಕಥೆಯೊಳಗೆ ಇಲ್ಲದಿದ್ದಾಗ ಮಾತ್ರ ಅಬ್ಬರ ಪೊಳ್ಳಾಗುತ್ತದೆ.

ಡಗ್ಲಾಸ್ ಸರ್ಕ್ 1954ರಲ್ಲಿ ನಿರ್ದೇಶಿಸಿದ ‘ಮ್ಯಾಗ್ನಿಫಿಸೆಂಟ್ ಅಬ್ಸೆಷನ್’ ಇದಕ್ಕೆ ಒಳ್ಳೆಯ ನಿದರ್ಶನ. ರಾಕ್ ಹಡ್ಸನ್ ನಟಿಸಿದ ಸಿರಿವಂತ ಯುವಕ ದೋಣಿಯನ್ನು ಅತಿವೇಗದಲ್ಲಿ ಓಡಿಸಿ ಅಪಘಾತಕ್ಕೀಡಾಗುತ್ತಾನೆ. ಅವನಿಗೆ ಉಸಿರು ಮರಳಿಸಲು ಒಯ್ದ ಯಂತ್ರ ಕೈಗೆ ಸಿಗದೆ, ಅದೇ ಹೊತ್ತಿಗೆ ಊರಿನ ಪ್ರೀತಿಯ ವೈದ್ಯ ಸಾಯುತ್ತಾನೆ. ಕಥೆಯ ತಳಹದಿಯಾಗಿ ಈ ಒಂದು ಆಕಸ್ಮಿಕವನ್ನು ಒಪ್ಪಬಹುದು. ಆದರೆ ವೈದ್ಯನ ವಿಧವೆ (ಜೇನ್ ವೈಮನ್) ಆ ಯುವಕನಿಂದ ತಪ್ಪಿಸಿಕೊಳ್ಳಲು ಟ್ಯಾಕ್ಸಿಯಿಂದ ಇಳಿದು, ಕಾರಿಗೆ ಸಿಲುಕಿ ಕಣ್ಣು ಕಳೆದುಕೊಳ್ಳುವಾಗ, ಕಥೆಯನ್ನು ನಡೆಸುತ್ತಿರುವುದು ಪಾತ್ರಗಳ ಸ್ವಭಾವವಲ್ಲ, ಅಪಘಾತಗಳು ಎಂಬುದು ಸ್ಪಷ್ಟವಾಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ನೈತಿಕವಾದದ್ದು. ಅವಳ ಕುರುಡುತನ ಅವನ ಉದ್ಧಾರದ ಸಾಧನವಾಗಿಬಿಡುತ್ತದೆ: ಅವನು ಬೇರೆ ಹೆಸರು ಹೇಳಿಕೊಂಡು ಅವಳ ಸ್ನೇಹ ಗಳಿಸುತ್ತಾನೆ, ಅವಳಿಗೆ ತಿಳಿಯದಂತೆ ಹಣ ಒದಗಿಸುತ್ತಾನೆ, ಕಡೆಗೆ ತಾನೇ ಶಸ್ತ್ರವೈದ್ಯನಾಗಿ ಅವಳಿಗೆ ದೃಷ್ಟಿ ಮರಳಿಸುತ್ತಾನೆ. ಪ್ರತಿಫಲ ಬಯಸದೆ ಗುಟ್ಟಾಗಿ ನೀಡಬೇಕೆಂಬ ತತ್ತ್ವವನ್ನು ಬೋಧಿಸುವ ಚಿತ್ರವೇ ಅವಳನ್ನು ಪ್ರತಿಫಲವಾಗಿ ಅವನ ಕೈಗೊಪ್ಪಿಸುತ್ತದೆ. ಕಣ್ಣು ಕಾಣದವಳಿಗೆ ಮಾಡಿದ ವಂಚನೆ ಇಲ್ಲಿ ಕೋಮಲ ಪ್ರೇಮವೆನಿಸಿಕೊಳ್ಳುತ್ತದೆ. ಆ ಕುರಿತು ನಮಗೆ ಮೂಡಬೇಕಾದ ಅಳುಕನ್ನು ಟೆಕ್ನಿಕಲರ್ ಎಂಬ ವರ್ಣಚಿತ್ರ ತಂತ್ರದ ಹೊಳಪು, ಸ್ವಿಟ್ಜರ್ಲೆಂಡ್ ಪ್ರವಾಸ, ಹಿನ್ನೆಲೆಯ ವೃಂದಗಾನಗಳು ಮೊದಲೇ ಅಳಿಸಿಬಿಡುತ್ತವೆ. ಶಸ್ತ್ರಚಿಕಿತ್ಸೆಗೆ ಮುನ್ನ ಅವನು ಹಿಂಜರಿದಾಗ ಮೇಲಿನ ಗಾಜಿನ ಹಿಂದಿನಿಂದ ಅವನ ಗುರು ದೇವರಂತೆ ಇಣುಕಿ ಧೈರ್ಯ ತುಂಬುವ ದೃಶ್ಯದಲ್ಲಿ ನನಗಂತೂ ನಗು ತಡೆಯಲಾಗುವುದಿಲ್ಲ.

1970ರ ದಶಕದಿಂದೀಚೆಗೆ ಅನೇಕ ವಿಮರ್ಶಕರು ಸರ್ಕ್‌ನ ಈ ಆಡಂಬರದ ಒಳಗೆ ಅಮೆರಿಕದ ಸಿರಿವಂತಿಕೆಯ ಕುರಿತ ವ್ಯಂಗ್ಯವಿದೆ ಎಂದು ವಾದಿಸಿದ್ದಾರೆ. ಈ ಮಾತು ಅವನ ಮರುವರ್ಷದ ‘ಆಲ್ ದಟ್ ಹೆವನ್ ಅಲೌಸ್’ ಚಿತ್ರಕ್ಕೆ ಹೆಚ್ಚು ಒಪ್ಪುತ್ತದೆ. ಅದರಲ್ಲಿ ತೋಟಗಾರನನ್ನು ಪ್ರೀತಿಸಿದ ವಿಧವೆ ತಾಯಿಯ ಮರುಮದುವೆಗೆ ಅಡ್ಡಬಂದ ಮಕ್ಕಳು ಅವಳಿಗೆ ಟಿವಿಯನ್ನು ಉಡುಗೊರೆಯಾಗಿ ಕೊಡುತ್ತಾರೆ. ಆರಿರುವ ಪರದೆಯ ಗಾಜಿನಲ್ಲಿ ಅವಳ ಒಂಟಿ ಮುಖ ಮೂಡುತ್ತದೆ. ಪಾತ್ರ ಹೇಳಲಾರದ್ದನ್ನು ವಸ್ತುವೊಂದು ಹೇಳಿದೆ, ಕಾರಣವೂ ಕಥೆಯೊಳಗೇ ಇದೆ. ಆದರೂ ಆ ಜೋಡಿ ಮತ್ತೆ ಒಂದಾಗಲು ನಾಯಕ ಹಿಮದ ದಿಬ್ಬದಿಂದ ಉರುಳಿ ಬೀಳಲೇಬೇಕಾಯಿತು.